ಮೂಲದ ಕಾಲಮ್ಮು

ಬೀಗದಕ್ಕನ ಹತ್ತಿರ ಕೀ ಮಾಡಿಸಲು ಹೋದವರು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. "ಇದು ಒರಿಜಿನಲ್ಲಾ, ಡೂಪ್ಲಿಕೇಟಾ?" ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೀ ಅಂದರೆ ಕೀ, ಅದರಲ್ಲೇನು ಜಾತಕ ಕೇಳುವುದು ಅನ್ನುವ ಮುಖ ಮಾಡುತ್ತಾರೆ. ಆಗ ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ ಪಾಠ ಶುರುಮಾಡುತ್ತಾಳೆ. ನಕಲಿನಿಂದ ನಕಲು ತೆಗೆದರೆ ಕೂದಲೆಳೆಯಷ್ಟು ತಪ್ಪು ಬರುತ್ತದೆ. ಅದರ ನಕಲಿಗೆ ಇನ್ನೊಂದು ಕೂದಲೆಳೆ. ನಾಲ್ಕನೆಯದು ಬೀಗದೊಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಆಮೇಲೆ ಜಗಳಕ್ಕೆ ಬರುವುದು ಯಾರ ಹತ್ತಿರ? ಅವಳ ಹತ್ತಿರವೇ.

ಅವಳ ಅಂಗಡಿ ಇರುವುದು ಬಸ್ ನಿಲ್ದಾಣದ ಎದುರಿನ ಮೇಲ್ಸೇತುವೆಯ ಮೆಟ್ಟಿಲ ಕೆಳಗೆ. ಮೆಟ್ಟಿಲು ಹೇಗೆ ಓರೆಯೋ ಅಂಗಡಿಯ ಸೂರೂ ಹಾಗೇ ಓರೆ. ಎತ್ತರದ ಗಿರಾಕಿಗಳು ತಲೆ ಕುಟ್ಟಿಸಿಕೊಂಡ ಮೇಲೆಯೇ ಬಗ್ಗುವುದನ್ನು ಕಲಿಯುವುದು. ಕೀ ಕಚ್ಚಿ ಹಿಡಿಯುವ ಒಂದು ವೈಸು, ಒಂದು ಕೀ ಕೊರೆಯುವ ಮಿಷನ್ನು, ಗೋಡೆ ತುಂಬ ಮೊಳೆಗೆ ತೂಗುಹಾಕಿದ ಖಾಲಿ ಕೀಗಳು. ಹನ್ನೆರಡನೇ ವಯಸ್ಸಿಗೆ ಸೋದರಮಾವ ಅವಳನ್ನು ಈ ವೈಸಿನ ಮುಂದೆ ಕೂರಿಸಿ ಲೋಹ ಉಜ್ಜುವ ಅರ ಹಿಡಿಯುವುದು ಕಲಿಸಿದ. ಈಗ ಅವಳಿಗೆ ಐವತ್ತೆರಡು. ನಲವತ್ತು ವರ್ಷದಿಂದ ನಕಲು ಮಾಡಿ ಮಾಡಿ ಅವಳ ಬೆರಳ ಸಂದಿಗಳಲ್ಲಿ ಹಿತ್ತಾಳೆಯ ಪುಡಿ ಮನೆ ಮಾಡಿದೆ.

ಇಂಥವಳ ಕೈಗೆ ಕುಳ್ಳ ಬಂದದ್ದು ಪಕ್ಕದ ಅಂಗಡಿಯ ರೇಡಿಯೋ ರಿಪೇರಿಯವರಿಂದ. ಅವರು ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಾಗ ಒಂದು ರಟ್ಟಿನ ಡಬ್ಬಿ ತಂದು ಅವಳ ಮೇಜಿನ ಮೇಲಿಟ್ಟು, "ಬೀಗದಕ್ಕ, ನನ್ನ ಕೈ ಈಗ ನಡುಗುತ್ತೆ. ಇದನ್ನ ನೀನು ಮುಗಿಸು," ಅಂದರು. ಡಬ್ಬಿಯಲ್ಲಿದ್ದದ್ದು ಅರ್ಧ ಬೆಸುಗೆ ಹಾಕಿದ ಒಂದು ಹಸಿರು ಹಲಗೆ, ಕಾಲುಳ್ಳ ಒಂದಷ್ಟು ಎಲೆಕ್ಟ್ರಾನಿಕ್ ಚಿಪ್ಪು, ಮತ್ತು ಬೈಂಡು ಕಿತ್ತುಹೋದ ಒಂದು ಕೈಪಿಡಿ. ಮನೆಯಲ್ಲೇ ಕೂತು ಕಟ್ಟಿಕೊಳ್ಳುವ ಕಂಪ್ಯೂಟರು ಅದು. ಯಾವ ಕಂಪನಿಯೂ ಅದನ್ನು ಮಾಡುವುದಿಲ್ಲ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಯಾರೋ ಒಬ್ಬ ಹುಚ್ಚ ತನ್ನ ಖುಷಿಗೆ ನಕ್ಷೆ ಬರೆದು ಬಿಡಿಭಾಗಗಳನ್ನು ಅಂಚೆಯಲ್ಲಿ ಕಳಿಸುತ್ತಾನೆ. ಫೋನಿನಲ್ಲಿ ತೆಗೆದ ಒಂದು ಫೋಟೋ ಹಿಡಿಸುವಷ್ಟೂ ನೆನಪಿನ ಜಾಗ ಅದಕ್ಕಿಲ್ಲ. ಅಂಗೈ ಅಗಲದ ಆಕಾರ ನೋಡಿ ಊರಿನ ಹವ್ಯಾಸಿಗಳು ಅದಕ್ಕೆ ಕುಳ್ಳ ಅಂತ ಹೆಸರಿಟ್ಟಿದ್ದರು. ಕುಳ್ಳ ಇದ್ದವರು ಊರಿನಲ್ಲಿ ಎಂಟು ಜನ. ಉಳಿದ ಬೆಸುಗೆ ಮುಗಿಸಿ ಬೀಗದಕ್ಕ ಒಂಬತ್ತನೆಯವಳಾದಳು.

ಭಾನುವಾರ ಬೆಳಗ್ಗೆ ಅವರೆಲ್ಲ ಸೈಕಲ್ ಅಂಗಡಿಯ ಮಹಡಿಯ ಮೇಲೆ ಸೇರುತ್ತಿದ್ದರು. ಮೊದಲ ಸಲ ಹೋದಾಗ ಬೀಗದಕ್ಕ ತನ್ನ ಲೆಕ್ಕದ ಕಾಣಿಕೆಯಾಗಿ ಒಂದು ಗಟ್ಟಿ ಹಿತ್ತಾಳೆ ಬೀಗ ಕೊಂಡುಹೋಗಿ ಅಲ್ಲಿನ ಕಪಾಟಿಗೆ ಹಾಕಿಕೊಟ್ಟಳು. ಆ ಕಪಾಟಿನಲ್ಲಿದ್ದ ಅಮೂಲ್ಯ ವಸ್ತು ಅಂದರೆ ಸಂಘದ ರಿಜಿಸ್ಟರು. ಕಾರ್ಯದರ್ಶಿಗಳು ಅದನ್ನು ಹೆಮ್ಮೆಯಿಂದ ತೆರೆದು ತೋರಿಸಿದರು. ಕುಳ್ಳನ ಮೇಲೆ ಓಡುವ ನೂರಾ ನಲವತ್ತು ಪ್ರೋಗ್ರಾಮುಗಳು, ದುಂಡಗಿನ ಅಕ್ಷರದಲ್ಲಿ. ಇಟ್ಟಿಗೆ ಒಡೆಯುವ ಆಟ, ಹಾವು ಉದ್ದವಾಗುವ ಆಟ, ಕಾರಿನ ಆಟ. ಪ್ರತಿಯೊಂದರ ಮುಂದೆ ಮೂರು ಕಾಲಮ್ಮು: ಹೆಸರು, ತಂದವರು, ಮೂಲ. ಮೂಲ ಅಂದರೆ ಯಾವ ಹಳೆಯ ಕಂಪ್ಯೂಟರಿನಿಂದ ತಂದು ಕುಳ್ಳನಿಗೆ ಹೊಂದಿಸಿದ್ದು ಅಂತ.

ಬೀಗದಕ್ಕ ಪುಟ ತಿರುವಿದಳು. ಇನ್ನೊಂದು ತಿರುವಿದಳು. "ಸಾರ್, ಇದರದ್ದೇ ಅಂತ ಯಾವುದಿದೆ?"

"ಇದರದ್ದೇ ಅಂದ್ರೆ?"

"ಕುಳ್ಳನಿಗೇ ಅಂತ ಬರೆದದ್ದು. ಎಲ್ಲಿಂದಲೂ ತರದೆ ಇದ್ದದ್ದು."

ಕಾರ್ಯದರ್ಶಿಗಳು ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಅವರ ಪ್ರಪಂಚದಲ್ಲಿ 'ಎಲ್ಲಿಂದ' ಮತ್ತು 'ಎಲ್ಲಿಗೆ' ಇಲ್ಲದ ವಸ್ತುವೇ ಇಲ್ಲ. ಅವರು ರಿಜಿಸ್ಟರಿನ ಮೇಲೆ ಕೈಯಿಟ್ಟು, "ಯಾರು ಬರೀತಾರೆ ತಾಯಿ? ಪ್ರಪಂಚದಲ್ಲಿ ಇದನ್ನ ಇಟ್ಕೊಂಡಿರೋರೇ ಮುನ್ನೂರು ಜನ. ಮುನ್ನೂರು ಜನಕ್ಕೋಸ್ಕರ ಯಾರು ತಲೆ ಕೆಡಿಸ್ಕೊಳ್ತಾರೆ? ಚೆನ್ನಾಗಿರೋದೆಲ್ಲ ಆಗಲೇ ಯಾರೋ ಬರೆದಾಗಿದೆ. ನಾವು ತರೋದು ಅಷ್ಟೆ," ಅಂದರು. ಉಳಿದವರು ಹೌದೌದು ಅಂದರು.

ಅವಳಿಗೆ ಅವಮಾನವಾಯಿತು. ತನಗಲ್ಲ, ಕುಳ್ಳನಿಗೆ. ಚಿಪ್ಪಿನ ಒಂದೊಂದು ಕಾಲನ್ನೂ ಕೈಯಾರೆ ಬೆಸೆದು ಹುಟ್ಟಿಸಿದ ಯಂತ್ರ; ಅದಕ್ಕೆ ಮೈತುಂಬ ಎರವಲು ಒಡವೆ. ಅದೂ ಎಂಥ ಒಡವೆ? ದೊಡ್ಡ ಯಂತ್ರದ ಕಾರಿನ ಆಟವನ್ನು ಹಿಂಡಿ ಹಿಸುಕಿ ಕುಳ್ಳನೊಳಗೆ ತುರುಕಿದ್ದರು. ಬಣ್ಣ ಹೋಗಿತ್ತು, ಸದ್ದು ಹೋಗಿತ್ತು, ಕಾರು ತಿರುವಿನಲ್ಲಿ ಬಸವನಹುಳುವಾಗುತ್ತಿತ್ತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಕಥೆ. ಬರೆ ಹಾಕಿಕೊಂಡದ್ದಾದರೂ ಹೋಗಲಿ, ಅದಕ್ಕೊಂದು ರಿಜಿಸ್ಟರು ಬೇರೆ.

"ನಾನು ಬರೀತೀನಿ," ಅಂದಳು.

ಫೋಟೋ ಸ್ಟುಡಿಯೋ ನಡೆಸುವ ಸದಸ್ಯನೊಬ್ಬ ನಕ್ಕ. "ಬೀಗದಕ್ಕ, ದಿನವಿಡೀ ಡೂಪ್ಲಿಕೇಟ್ ಮಾಡೋರು ನೀವು."

"ಅದಕ್ಕೇ ಹೇಳಿದ್ದು. ನಕಲು ಮಾಡೋದು ನನ್ನ ಹೊಟ್ಟೆಪಾಡು. ಭಾನುವಾರವೂ ಅದನ್ನೇ ಮಾಡೋಕೆ ಇಲ್ಲಿಗ್ಯಾಕೆ ಬರ್ಬೇಕು?"

ಹೇಳುವುದೇನೋ ಹೇಳಿ ಬಂದಳು, ಮಾಡುವುದು ಸುಲಭವಿರಲಿಲ್ಲ. ಕೈಪಿಡಿಯನ್ನು ಬುಕ್ ಬೈಂಡರ್ ಆಗಿದ್ದ ಗಂಡ ಹೊಸದಾಗಿ ಹೊಲಿದು ರಟ್ಟು ಹಾಕಿಕೊಟ್ಟ. ಅಂಗಡಿ ತೆರೆಯುವ ಮೊದಲು, ಬೆಳಗ್ಗೆ ಎರಡು ಗಂಟೆ ಹೊತ್ತು ಅಡುಗೆಮನೆಯ ಮೇಜಿನ ಮೇಲೆ ಕುಳ್ಳನನ್ನಿಟ್ಟುಕೊಂಡು ಕೂರುತ್ತಿದ್ದಳು. ಮೊದಲ ಆರು ತಿಂಗಳು ಯಂತ್ರ ಅವಳ ಮಾತು ಕೇಳಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನಿಸುತ್ತಿತ್ತು, ಆದರೆ ಇಲ್ಲಿ ಕೋಣ ತಾನೇ ಅಂತ ಅವಳಿಗೆ ಗೊತ್ತಿತ್ತು.

ಏನು ಬರೆಯುವುದು ಅನ್ನುವುದು ಇನ್ನೊಂದು ಪೀಕಲಾಟ. ಬಾಹ್ಯಾಕಾಶ, ಕತ್ತಿವರಸೆ, ಗುಂಡು ಹಾರಿಸುವುದು, ಎಲ್ಲ ಯೋಚಿಸಿದಳು. ಎಲ್ಲವೂ ಯಾರೋ ಬರೆದದ್ದೇ. ಕೊನೆಗೆ ಒಂದು ಬೆಳಗ್ಗೆ, ಕೀ ಕಳೆದುಕೊಂಡವರೊಬ್ಬರ ಬಾಗಿಲು ತೆಗೆದುಕೊಟ್ಟು ಬರುವಾಗ ದಾರಿಯಲ್ಲೇ ನಿಂತುಬಿಟ್ಟಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುತ್ತಿದ್ದಳು.

ಕೀ ಇಲ್ಲದ ಬೀಗಕ್ಕೆ ಕೀ ಮಾಡುವ ಒಂದು ವಿದ್ಯೆ ಇದೆ, ಸೋದರಮಾವ ಕಲಿಸಿದ್ದು. ಕಚ್ಚಿಲ್ಲದ ಖಾಲಿ ಕೀಯನ್ನು ಬೀಗದೊಳಗೆ ಹಾಕಿ ತಿರುಗಿಸಲು ನೋಡುವುದು. ತಿರುಗುವುದಿಲ್ಲ. ಆದರೆ ಒಳಗಿನ ಪಿನ್ನು ಉಜ್ಜಿದ ಕಡೆ ಹಿತ್ತಾಳೆಯ ಮೇಲೆ ಸಾಸಿವೆಯಷ್ಟು ಹೊಳಪು ಮೂಡುತ್ತದೆ. ಕೀ ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಹೊಳೆದ ಕಡೆ ಒಂದೇ ಸಲ ಅರ ಆಡಿಸುವುದು. ಮತ್ತೆ ಹಾಕುವುದು. ಯಾವ ಜಾಗದಲ್ಲಿ ಹೊಳಪು ನಿಂತಿತೋ ಅಲ್ಲಿ ಕೆಲಸ ಮುಗಿಯಿತು. ಒಂದು ಉಜ್ಜು ಹೆಚ್ಚಾದರೆ ಕೀ ಹಾಳು, ಮೊದಲಿನಿಂದ ಶುರು. "ಬೀಗ ಎಲ್ಲಾ ಹೇಳುತ್ತೆ ಕಣೇ, ಕೇಳ್ಕೊಳ್ಳೋಕೆ ತಾಳ್ಮೆ ಬೇಕು," ಅನ್ನುತ್ತಿದ್ದ ಸೋದರಮಾವ. ಇದನ್ನು ಆಟ ಮಾಡಿದವರು ಅವಳಿಗೆ ತಿಳಿದ ಮಟ್ಟಿಗೆ ಯಾರೂ ಇರಲಿಲ್ಲ. ಕುಳ್ಳನಿಗೆ ಇದಕ್ಕಿಂತ ಹೇಳಿಮಾಡಿಸಿದ್ದು ಬೇರೆ ಇಲ್ಲ. ಬಣ್ಣ ಬೇಡ, ವೇಗ ಬೇಡ, ಒಂದು ಚುಕ್ಕೆ ಹೊಳೆದರೆ ಸಾಕು.

ಒಂದೂವರೆ ವರ್ಷ ಹಿಡಿಯಿತು. ಒಂದು ಹಂತದಲ್ಲಿ ಖಾಲಿ ಕೀ ಹಾಕಿದರೂ ಬೀಗ ತೆರೆದುಕೊಳ್ಳುತ್ತಿತ್ತು. "ಕಳ್ಳರ ಸ್ವರ್ಗ ಕಟ್ಟಿದೀನಿ ನೋಡ್ರೀ," ಅಂತ ಗಂಡನಿಗೆ ತೋರಿಸಿ ನಕ್ಕಳು. ಹನ್ನೆರಡು ಬೀಗ ಹಾಕಿದಳು. ಅದರಲ್ಲಿ ಗಿರಾಕಿಯ ಬೀಗ ಒಂದೂ ಇರಲಿಲ್ಲ. ಗಿರಾಕಿಯ ಕೀಯ ಅಳತೆ ಕೈಬಿಟ್ಟ ಕೂಡಲೇ ಮನಸ್ಸಿನಿಂದಲೂ ಬಿಡಬೇಕು, ಅದು ಕಸುಬಿನ ಮೊದಲ ನಿಯಮ. ಹನ್ನೊಂದು ಬೀಗ ಅವಳ ಹಳೇ ಡಬ್ಬಿಯ ಮುರುಕಲು. ಹನ್ನೆರಡನೆಯದು ಏನು ಅಂತ ಯಾರಿಗೂ ಹೇಳಲಿಲ್ಲ.

ಮೊದಲು ಆಡಿದವನು ಗಂಡ. ಮೂರನೇ ಬೀಗದಲ್ಲಿ ಒಂದು ಉಜ್ಜು ಹೆಚ್ಚು ಹಾಕಿ ತಲೆ ಕೆರೆದುಕೊಂಡ. "ಲೇ, ಹಿಂದಕ್ಕೆ ಹೋಗೋ ಗುಂಡಿ ಎಲ್ಲಿ?"

"ಹಿತ್ತಾಳೆಗೆ ಹಿಂದಕ್ಕೆ ಹೋಗೋ ಗುಂಡಿ ಇದ್ಯಾ?"

"ಆಟದಲ್ಲಿ ಇರ್ಬೇಕಪ್ಪ."

"ನನ್ನ ಆಟದಲ್ಲಿ ಇರಲ್ಲ. ಉಜ್ಜಿದ್ದು ಉಜ್ಜಿದ್ದೇ."

ಅವನು ಗೊಣಗಿದ, ಆದರೆ ಮೇಜು ಬಿಟ್ಟು ಏಳಲಿಲ್ಲ. ಅವತ್ತು ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿತು. ಬೀಗದಕ್ಕನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ಆಟಕ್ಕೆ 'ಹೊಳಪು' ಅಂತ ಹೆಸರಿಟ್ಟು ಸಂಘಕ್ಕೆ ಕೊಟ್ಟಳು. ಅವತ್ತು ಕಾರ್ಯದರ್ಶಿಗಳು ಗಡಿಬಿಡಿಯಲ್ಲಿದ್ದರು. ವರ್ಷಕ್ಕೊಮ್ಮೆ ಕಾಲೇಜಿನ ಸಭಾಂಗಣದಲ್ಲಿ ನಡೆಯುವ ಹವ್ಯಾಸಿಗಳ ಪ್ರದರ್ಶನ ಹತ್ತಿರ ಬಂದಿತ್ತು, ಬೇರೆ ಊರುಗಳ ಸಂಘಗಳೂ ಬರುವಂಥದ್ದು. "ಇಟ್ಟು ಹೋಗಿ ತಾಯಿ, ನಾನು ಏರಿಸ್ಕೊಳ್ತೀನಿ," ಅಂದರು. ಅವಳು ಹೆಸರು ಬರೆದ ಚೀಟಿಯ ಜೊತೆ ಇಟ್ಟು ಬಂದಳು.

ಪ್ರದರ್ಶನಕ್ಕೆ ಒಂದು ವಾರ ಇದ್ದಾಗ ಅಚ್ಚಾದ ಪಟ್ಟಿಯನ್ನು ಮಹಡಿಯ ಗೋಡೆಗೆ ಅಂಟಿಸಿದ್ದರು. ಬೀಗದಕ್ಕ ಕನ್ನಡಕ ಏರಿಸಿಕೊಂಡು ಕೊನೆಯ ಸಾಲು ಓದಿದಳು. ಹೆಸರು: ಹೊಳಪು. ತಂದವರು: ಬೀಗದಕ್ಕ. ಮೂಲ: ಹಳೆಯ ಯಂತ್ರ, ಹೆಸರು ತಿಳಿದಿಲ್ಲ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. "ಸಾರ್. ಏನಿದು?"

"ಯಾವುದು? ಓ, ಅದಾ. ನೀವು ಮೂಲ ಬರೆಯೋದು ಮರೆತಿದ್ರಿ. ಖಾಲಿ ಬಿಡೋಕಾಗಲ್ವಲ್ಲ, ನಾನೇ ತುಂಬಿಸಿದೆ." ಅವರ ದನಿಯಲ್ಲಿ ಉಪಕಾರ ಮಾಡಿದವರ ಸಮಾಧಾನವಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಕೆಟ್ಟವರೇನಲ್ಲ. ಕೊಟ್ಟಿಗೆ ಖಾಲಿ ಇರಬಾರದು, ಅವರಿಗೆ ಅಷ್ಟೇ.

"ಮರೆತಿರ್ಲಿಲ್ಲ. ಮೂಲ ಇಲ್ಲ ಅದಕ್ಕೆ. ನಾನೇ ಬರೆದದ್ದು."

"ಬರೆದದ್ದು ಸರಿ. ಎಲ್ಲಿಂದ ನೋಡ್ಕೊಂಡು?"

"ಎಲ್ಲಿಂದಲೂ ಇಲ್ಲ."

ಸ್ಟುಡಿಯೋದವನು ಪಟ್ಟಿಯ ಹತ್ತಿರ ಬಂದು ಗಲ್ಲ ಕೆರೆದುಕೊಂಡ. "ಇಂಥದ್ದೊಂದು ಎಲ್ಲೋ ನೋಡಿದ ಹಾಗಿದೆ ಬೀಗದಕ್ಕ."

"ಎಲ್ಲಿ?"

"ಎಲ್ಲೋ. ನೆನಪಿಲ್ಲ."

ಕಾರ್ಯದರ್ಶಿಗಳು ಮೆತ್ತಗೆ ಅಂದರು, "ಹೋಗ್ಲಿ ಬಿಡಿ ತಾಯಿ. ಒಂದು ಕಾಲಮ್ಮು, ಅದರಲ್ಲೇನಿದೆ? ಹೇಗಿದ್ರೂ ಪ್ರದರ್ಶನದ ಮೇಜಿನ ಮೇಲೆ ಕಾರಿನ ಆಟ ಇಡೋದು. ಮತ್ತೆ ನೀವೇ ಬರೆದದ್ದು ಅಂತ... ನಾನು ನಂಬ್ತೀನಿ, ಆದ್ರೆ ಹೊರಗಿನವರಿಗೆ ಏನು ಸಾಕ್ಷಿ?"

ಅವಳಿಗೆ ಅಳು ಬರುವ ಹಾಗಾಯಿತು. ಒಂದೂವರೆ ವರ್ಷದ ಬೆಳಗುಗಳು ಕಣ್ಣ ಮುಂದೆ ಬಂದವು. ನಲವತ್ತು ವರ್ಷ ಅವಳು ಇನ್ನೊಬ್ಬರ ಕೀಗಳನ್ನು ಕೊರೆದಿದ್ದಳು, ಒಂದರ ಮೇಲೂ ಅವಳ ಹೆಸರಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಮೊದಲ ಸಲ ಒಂದು ತನ್ನದು ಅಂತ ಮಾಡಿದರೆ ಅದನ್ನೂ ಡೂಪ್ಲಿಕೇಟ್ ಮಾಡಿ ಕೈಗಿಟ್ಟಿದ್ದರು. ಅಳು ಬರುವ ಮೊದಲು ಸಿಟ್ಟು ಬಂತು, ಅದು ಒಳ್ಳೆಯದಾಯಿತು.

"ಸಾಕ್ಷಿ ತಾನೆ? ಕೊಡ್ತೀನಿ. ಸಾರ್, ಕಪಾಟಿಗೆ ಬೀಗ ಹಾಕಿ. ಕೀ ನಿಮ್ಮ ಜೇಬಿನಲ್ಲೇ ಇರ್ಲಿ."

ಅವರು ಯಾಕೆ ಅಂತ ಗೊತ್ತಾಗದೆಯೇ ಬೀಗ ಹಾಕಿದರು. ಬೀಗದಕ್ಕ ಕುಳ್ಳನನ್ನು ಹಚ್ಚಿ, ಆಟವನ್ನು ನೇರ ಹನ್ನೆರಡನೇ ಬೀಗಕ್ಕೆ ಒಯ್ದು, ಸ್ಟುಡಿಯೋದವನಿಗೆ ಕುರ್ಚಿ ತೋರಿಸಿದಳು. "ನೀವೇ ಆಡಿ. ನಾನು ಮುಟ್ಟಲ್ಲ. ಹೊಳೆದ ಕಡೆ ಮಾತ್ರ ಉಜ್ಜಿ."

ಅವನು ಕೂತ. ಮೊದಲ ಕೀ ಹಾಳಾಯಿತು. ಎರಡನೆಯದೂ ಹಾಳಾಯಿತು. ಹಿಂದಕ್ಕೆ ಹೋಗುವ ಗುಂಡಿ ಹುಡುಕಿದ, ಸಿಗಲಿಲ್ಲ. ಮೂರನೆಯದಕ್ಕೆ ಅವನು ಬೆನ್ನು ಬಗ್ಗಿಸಿ ಮೂಗನ್ನು ಪರದೆಗೆ ತಾಗಿಸುವಷ್ಟು ಹತ್ತಿರ ತಂದಿದ್ದ. ಉಳಿದವರು ಒಬ್ಬೊಬ್ಬರಾಗಿ ಕುರ್ಚಿಯ ಹಿಂದೆ ಬಂದು ನಿಂತರು. "ಬೇಡ, ಅಲ್ಲಿ ನಿಂತಿದೆ, ಮುಟ್ಬೇಡ," ಅಂತ ಕಾರ್ಯದರ್ಶಿಗಳೇ ಅವನ ಭುಜ ಅದುಮಿದರು. ನಾಲ್ಕನೇ ಕೀ ತಿರುಗಿತು. ಪರದೆಯ ಮೇಲೆ ಮುಗಿದ ಕೀಯ ಚಿತ್ರ ಬಂತು, ಐದು ಕಚ್ಚಿನ ಕೆಳಗೆ ಐದು ಅಂಕಿ: ಮೂರು, ಐದು, ಒಂದು, ನಾಲ್ಕು, ಎರಡು.

ಬೀಗದಕ್ಕ ಚೀಲದಿಂದ ಒಂದು ಖಾಲಿ ಕೀ ಮತ್ತು ಅರ ತೆಗೆದಳು. ಅವಳ ಚೀಲದಲ್ಲಿ ಅವೆರಡು ಇಲ್ಲದ ದಿನವಿಲ್ಲ. ಕಿಟಕಿಯ ಹಲಗೆಗೆ ಕೀ ಒತ್ತಿ ಹಿಡಿದು, ಪರದೆಯ ಅಂಕಿ ನೋಡಿ ನೋಡಿ ಉಜ್ಜಿದಳು. ಮೂರರಷ್ಟು ಆಳ, ಐದರಷ್ಟು ಆಳ. ಹತ್ತು ನಿಮಿಷ ಆಗಿರಬಹುದು. ಪುಡಿ ಊದಿ, ಸೆರಗಿಗೆ ಒರೆಸಿ, ಕಪಾಟಿನ ಹತ್ತಿರ ಹೋಗಿ ಬೀಗಕ್ಕೆ ಹಾಕಿ ತಿರುಗಿಸಿದಳು. ಬೀಗ ತೆರೆದುಕೊಂಡಿತು.

"ಈ ಬೀಗ ನಾನು ಕೊಟ್ಟದ್ದು, ಎರಡು ವರ್ಷದ ಹಿಂದೆ," ಅಂದಳು. "ನೀವು ಹೇಳಿದ ಆ ಹಳೇ ಯಂತ್ರ ಇದೆಯಲ್ಲ, ಹೆಸರು ತಿಳಿಯದ್ದು. ಅದಕ್ಕೆ ನಿಮ್ಮ ಕಪಾಟಿನ ಬೀಗದ ಅಳತೆ ಯಾರು ಹೇಳಿದ್ರು ಸಾರ್?"

ಕಾರ್ಯದರ್ಶಿಗಳು ಜೇಬಿನಲ್ಲಿದ್ದ ಕೀಯನ್ನು ಮುಟ್ಟಿ ನೋಡಿಕೊಂಡರು. ಅದು ಅಲ್ಲೇ ಇತ್ತು. ಅವರು ರಿಜಿಸ್ಟರು ತೆಗೆದು ಮೇಜಿನ ಮೇಲೆ ಹರವಿ, ಕೊನೆಯ ಸಾಲಿನ ಮೂಲವನ್ನು ಹೊಡೆದುಹಾಕಿ, ಪೆನ್ನು ಹಿಡಿದು ಕೂತರು. ಏನು ಬರೆಯಬೇಕು ಅಂತ ಅವರಿಗೆ ತೋಚಲಿಲ್ಲ. ಬೀಗದಕ್ಕ ಪೆನ್ನು ಇಸಿದುಕೊಂಡಳು. 'ತಂದವರು' ಅನ್ನುವ ಕಾಲಮ್ಮಿನಲ್ಲಿ ತನ್ನ ಹೆಸರಿನ ಪಕ್ಕ 'ತಂದವಳಲ್ಲ, ಬರೆದವಳು' ಅಂತ ಸೇರಿಸಿದಳು. ಮೂಲದ ಕೆಳಗೆ ಬರೆದಳು: ಕುಳ್ಳ.

"ರಿಜಿಸ್ಟರೇ ಕುಳ್ಳನದ್ದಲ್ವ ತಾಯಿ," ಅಂದರು ಕಾರ್ಯದರ್ಶಿಗಳು ನೋವಿನಿಂದ. "ಎಲ್ಲಿಂದ ಅಂದ್ರೆ ಕುಳ್ಳ, ಎಲ್ಲಿಗೆ ಅಂದ್ರೆ ಕುಳ್ಳ. ಹೊರಟ ಸ್ಟೇಷನ್ನೇ ಮುಟ್ಟಿದ ಸ್ಟೇಷನ್ನು. ಇಂಥ ಪಾರ್ಸಲ್ ನಾನು ಜನ್ಮದಲ್ಲಿ ನೋಡಿಲ್ಲ."

"ಇದು ಪಾರ್ಸಲ್ ಅಲ್ಲ ಸಾರ್. ಹೆರಿಗೆ."

ಮೊದಲು ನಕ್ಕದ್ದು ಸ್ಟುಡಿಯೋದವನು. ಆಮೇಲೆ ಅವನೇ ಅಂದ, ಮೇಜಿನ ಮೇಲೆ ಕಾರಿನ ಆಟ ಬೇಡ, ಇದನ್ನೇ ಇಡೋಣ. ಕಾರ್ಯದರ್ಶಿಗಳು ಒಪ್ಪಿದರು, ಆದರೆ ಕಪಾಟಿಗೆ ಬೇರೆ ಬೀಗ ಬೇಕು ಅಂದರು. ಅದು ನ್ಯಾಯವಾದ ಮಾತು. ಮನೆಯಲ್ಲಿ ಗಂಡ ಹೊಸ ಕಾಲಮ್ಮು ಹಾಕಿ ಬೇರೆ ರಿಜಿಸ್ಟರನ್ನೇ ಹೊಲಿದುಕೊಡುತ್ತೇನೆ ಅಂದಾಗ ಅವಳು ಬೇಡ ಅಂದಳು. ಆ ನೂರಾ ನಲವತ್ತರ ಕೆಳಗೇ ಇರಲಿ, ಮೇಲಿನಿಂದ ಓದಿಕೊಂಡು ಬಂದವರಿಗೆ ಅಲ್ಲಿ ಕಾಲು ಎಡವಲಿ ಅನ್ನುವುದು ಅವಳ ಲೆಕ್ಕ.

ಪ್ರದರ್ಶನದಲ್ಲಿ ಬೇರೆ ಊರಿನ ಸಂಘದಿಂದ ಬಂದ ಹೆಂಗಸೊಬ್ಬಳು, ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್, ಆ ಮೇಜಿನ ಮುಂದೆ ಊಟದ ಹೊತ್ತು ಮೀರಿದರೂ ಕೂತಿದ್ದಳು. ಹನ್ನೆರಡೂ ಬೀಗ ತೆಗೆದ ಮೇಲೆಯೇ ಎದ್ದಳು. ಅವರ ಊರಿನವರದ್ದು ಇನ್ನೊಂದು ಬಗೆಯ ಯಂತ್ರ, ಕುಳ್ಳನಿಗಿಂತ ಎರಡು ಪಾಲು ದೊಡ್ಡದು. "ಅಕ್ಕಾ, ಇದನ್ನ ನಮ್ಮದಕ್ಕೆ ಹೊಂದಿಸ್ಕೊಳ್ಲಾ?" ಅಂತ ಕೇಳಿದಳು.

"ಹೊಂದಿಸ್ಕೊಳ್ಳಮ್ಮ. ಎರಡು ಷರತ್ತು. ಹಿಂದಕ್ಕೆ ಹೋಗೋ ಗುಂಡಿ ಹಾಕ್ಬಾರ್ದು. ಮತ್ತೆ ನಿಮ್ಮಲ್ಲೂ ಒಂದು ರಿಜಿಸ್ಟರು ಇರುತ್ತಲ್ಲ, ಅದರಲ್ಲಿ ಮೂಲ ಅನ್ನೋ ಕಡೆ ಖಾಲಿ ಬಿಡ್ಬಾರ್ದು."

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕಾರ್ಯದರ್ಶಿಗಳು ಮೇಲ್ಸೇತುವೆಯ ಕೆಳಗಿನ ಅಂಗಡಿಗೆ ಬಂದರು. ಓರೆ ಸೂರಿಗೆ ತಲೆ ಕುಟ್ಟಿಸಿಕೊಂಡರು, ಆದರೂ ಮುಖದಲ್ಲಿ ನಗು ಇತ್ತು. ಅಂಗಡಿಯಲ್ಲಿ ಆಗಲೇ ಒಬ್ಬ ಗಿರಾಕಿ ಕೀ ಹಿಡಿದು ನಿಂತಿದ್ದ. ಕಾರ್ಯದರ್ಶಿಗಳು ಸಂಘದ ವಿಳಾಸಕ್ಕೆ ಬಂದ ಒಂದು ಲಕೋಟೆ ಬಿಚ್ಚಿದರು. ಡಿಪೋದ ಎಲೆಕ್ಟ್ರಿಷಿಯನ್ ಕಳಿಸಿದ್ದು. ಅವರ ರಿಜಿಸ್ಟರಿನ ಒಂದು ಪುಟದ ಝೆರಾಕ್ಸು.

"ನನ್ನ ಕನ್ನಡಕಕ್ಕೆಲ್ಲ ಹಿತ್ತಾಳೆ ಕೂತಿದೆ ಸಾರ್," ಅಂದಳು ಬೀಗದಕ್ಕ. "ನೀವೇ ಓದಿ."

"ಹೆಸರು, ಹೊಳಪು. ತಂದವರು, ಡಿಪೋ ಎಲೆಕ್ಟ್ರಿಷಿಯನ್." ಅವರು ಹಾಳೆಯನ್ನು ಕಣ್ಣಿಗೆ ಹತ್ತಿರ ತಂದರು. "ಮೂಲ, ಕುಳ್ಳ."

"ಇನ್ನೊಂದ್ಸಲ. ಕೊನೇದು ಮಾತ್ರ."

"ಮೂಲ, ಕುಳ್ಳ."

ಬೀಗದಕ್ಕ ಝೆರಾಕ್ಸನ್ನು ಇಸಿದುಕೊಂಡು, ಖಾಲಿ ಕೀ ತೂಗುವ ಮೊಳೆಯೊಂದಕ್ಕೆ ಚುಚ್ಚಿ, ಎಲ್ಲರಿಗೂ ಕಾಣುವ ಹಾಗೆ ನೇತುಹಾಕಿದಳು. ಕಾರ್ಯದರ್ಶಿಗಳು ಕೂರಲು ಸ್ಟೂಲು ಹುಡುಕುತ್ತಿದ್ದರು. ಅವಳು ಕನ್ನಡಕ ಒರೆಸಿಕೊಂಡು ಗಿರಾಕಿಯ ಕಡೆ ಕೈ ಚಾಚಿದಳು.

"ಕೊಡಪ್ಪ. ಇದು ಒರಿಜಿನಲ್ಲಾ, ಡೂಪ್ಲಿಕೇಟಾ?"

"ಗೊತ್ತಿಲ್ಲಮ್ಮ. ಏನೋ ಒಂದು ಕೀ."

"ಏನೋ ಒಂದು ಅನ್ಬಾರ್ದು," ಅಂದಳು ಬೀಗದಕ್ಕ, ಕೀಯನ್ನು ಬೆಳಕಿಗೆ ಹಿಡಿಯುತ್ತ. "ಗೊತ್ತಿರ್ಬೇಕು."